ಗಂಜಿ ಉಕ್ಕುವವರೆಗಿನ ಕುಣಿತ

ಒಲೆಯ ಮೇಲೆ ಗಂಜಿಗೆ ಇಟ್ಟರೆ ಸಾಕು, ಮಂಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಯಲ್ಲೇ ಕುಣಿಯಲು ಶುರುಮಾಡುತ್ತಿದ್ದಳು. ಬಾಯಲ್ಲೇ ತಾಳ, ಬಾಯಲ್ಲೇ ಚೆಂಡೆ! ಅರವತ್ತು ದಾಟಿದ ಹೆಂಗಸು ಕಣ್ಣರಳಿಸಿ, ತೋಳು ಬೀಸಿ, ರಾಜವೇಷದ ಠೀವಿಯಲ್ಲಿ ಒರಳುಕಲ್ಲಿಗೆ ಸುತ್ತು ಬರುವುದನ್ನು ನೋಡಬೇಕಿತ್ತು. ಗಂಜಿ ಉಕ್ಕಿತೋ, ಕುಣಿತ ಮುಗಿಯಿತು. ಏನೂ ಆಗದವಳಂತೆ ಮೀನು ಕೊಯ್ಯಲು ಕೂರುತ್ತಿದ್ದಳು.

ನಮ್ಮೂರು ಕರ್ಕಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ಅವಳಪ್ಪ ಯಕ್ಷಗಾನದ ವೇಷಧಾರಿ. ಆತ ಹುಡುಗರಿಗೆ ಹೆಜ್ಜೆ ಹೇಳಿಕೊಡುವಾಗ ಈಕೆ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕಲಿತಿದ್ದಳು. ಹೆಣ್ಣಿಗೆ ಆಗ ರಂಗಸ್ಥಳವೆಲ್ಲಿ? "ಅದಕ್ಕೇ ಒಲೆ ಮುಂದೆ ಕುಣಿಯೂದು. ಇಲ್ಲಿ ಯಾರ ಅಪ್ಪಣೆ ಬೇಕು?" ಎನ್ನುತ್ತಿದ್ದಳು.

ನಾನು ಹೊನ್ನಾವರದಲ್ಲಿ ಕಾಲೇಜು ಓದುತ್ತಿದ್ದೆ, ಎಪ್ಪತ್ತರ ದಶಕದ ಕೊನೆ. ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೂ ಕೈ ಮೇಲೇಳಲಿಲ್ಲ. ಆಡಿಸದಿದ್ದರೆ ಹೀಗೇ ಉಳಿದುಬಿಡುತ್ತದೆ ಎಂದರು ಡಾಕ್ಟರು. ಅಮ್ಮನಿಗೋ ನೋವಿನ ಹೆದರಿಕೆ. ಆ ಕೈಯನ್ನು ಎದೆಗವಚಿಕೊಂಡೇ ಓಡಾಡುತ್ತಿದ್ದಳು. ಅವಳ ಕೈ ಹೋಯಿತೆಂದೇ ನನಗೂ ಅನಿಸಿತ್ತು.

ಮಂಜಕ್ಕ ಬಂದವಳೇ, "ಏಳೇ ಪಾರ್ವತಿ, ಗಂಜಿಗೆ ಇಟ್ಟಾತು. ಬಾ ಕುಣಿಯೂಕೆ" ಎಂದಳು.

"ನಂಗೆ ನಾಚ್ಕೆ ಆಗ್ತದೆ ಮಂಜಕ್ಕ. ನೋವೂ ಅದೆ."

"ಎಂತ ನಾಚ್ಕೆ ಮಾರಾಯ್ತಿ? ನೋಡೂಕೆ ಗಂಜಿ ಪಾತ್ರೆ ಒಂದೇ ಇರೂದು. ಇವತ್ತು ಸೊಂಟದವರೆಗೆ ಎತ್ತು, ಆತು. ಉಕ್ಕಿದ ಕೂಡ್ಲೆ ಬಿಟ್ಟುಬಿಡು."

ಅಮ್ಮ ನಕ್ಕುಬಿಟ್ಟಳು. ನಗುತ್ತಲೇ ಎತ್ತಿದಳು! ಆಮೇಲೆ ಹಾಲು ಕಾಯುವಾಗ ನಾಲ್ಕು ಹೆಜ್ಜೆ, ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುವ ಮುಂಚೆ ಒಂದು ಸುತ್ತು. ದಣಿವಾಗುವಷ್ಟು ಹೊತ್ತು ಮಂಜಕ್ಕ ಯಾವತ್ತೂ ಕುಣಿಸಲಿಲ್ಲ. "ಇನ್ನೊಂಚೂರು ಬೇಕು ಅನ್ನೂವಾಗ್ಲೇ ನಿಲ್ಸೂದು" ಎಂಬುದು ಅವಳ ಶಾಸ್ತ್ರ.

ಒಂದು ಮಧ್ಯಾಹ್ನ ಮಾತ್ರ ಇಬ್ಬರೂ ಮೈಮರೆತರು. ಗಂಜಿ ಉಕ್ಕಿ ಹರಿದು ಒಲೆಯೇ ಆರಿಹೋಯಿತು. ಹಸಿದು ಬಂದ ಅಪ್ಪ ಬಾಗಿಲಲ್ಲಿ ನಿಂತು, "ಎಂತ ಇದು?" ಎಂದು ಗದರಿದ. ಅಮ್ಮ ಇದ್ದಲ್ಲೇ ಕಲ್ಲಾದಳು.

"ತಮ್ಮಾ, ಗಂಜಿ ಬಿಡು. ನಿನ್ನ ಹೆಂಡ್ತಿ ಕೈ ಎಲ್ಲಿ ಅದೆ ನೋಡು!" ಎಂದಳು ಮಂಜಕ್ಕ.

ಬಲಗೈ ಕಿವಿಯವರೆಗೆ ಏರಿತ್ತು. ಅಪ್ಪ ನೋಡಿಯೇ ನೋಡಿದ. ಆಮೇಲೆ ಕೆಳಗೆ ಕೂತು, ಊಟದ ಮಣೆಯ ಮೇಲೆ ತಾಳ ಹಾಕತೊಡಗಿದ. ಆ ದಿನದ ಖುಷಿಯನ್ನು ಏನೆಂದು ಹೇಳಲಿ! ಅವಲಕ್ಕಿ ಮೊಸರು ತಿಂದು ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಕೆಲವು ವರ್ಷಗಳ ನಂತರ ಮಂಜಕ್ಕ ಭಟ್ಕಳದ ಮಗಳ ಮನೆಗೆ ಹೊರಟಳು. ಅಲ್ಲಿಯೇ ತೀರಿಕೊಂಡಳು, ನಾವು ಮತ್ತೆ ಅವಳನ್ನು ನೋಡಲಿಲ್ಲ. ಅವಳು ಹೊರಟ ಬೆಳಿಗ್ಗೆ ಬಸ್ಸು ಚಲಿಸಿದಾಗ ಅಮ್ಮ ರಸ್ತೆಯಲ್ಲಿ ನಿಂತು ಎರಡೂ ಕೈ ತಲೆಯ ಮೇಲೆತ್ತಿ ಬೀಸಿದಳು. ಮಂಜಕ್ಕ ಕಿಟಕಿಯಿಂದ ಅರ್ಧ ಹೊರಬಾಗಿ ಕೂಗಿದಳು:

"ಪಾರ್ವತೀ, ಬಲಗೈ ಇನ್ನೂ ಚೂರು ಮೇಲೆ!"

ಅಮ್ಮ ಅಳುತ್ತಲೇ ಎತ್ತಿದಳು.