ಗಿರಣಿ ಮುದುಕಿಯ ಚಿಲಕ

ಹಳೆಯ ಕಂಪ್ಯೂಟರ್ ಆಟಗಳನ್ನು ಈಗಿನ ಯಂತ್ರಗಳಲ್ಲಿ ಓಡುವಂತೆ ಮಾಡಿಕೊಡುವುದು ನನ್ನ ಉದ್ಯೋಗ. ಕುಂದಗೋಳದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕುಳಿತು ಮಾಡುತ್ತೇನೆ. ನಾವೇ ಒಂದು ಪಾತ್ರವಾಗಿ ಊರೂರು ತಿರುಗುತ್ತ, ಸಿಕ್ಕವರೊಡನೆ ಮಾತಾಡುತ್ತ, ಬೇಕಾದ ಸಾಮಾನು ಕೂಡಿಸಿಕೊಳ್ಳುತ್ತ ದಿನಗಟ್ಟಲೆ ಆಡುವ ಉದ್ದನೆಯ ಆಟಗಳು ಇವು. ಬರೆದವರು ಯಾವುದೋ ದೇಶದಲ್ಲಿರುತ್ತಾರೆ. ಕೆಲವರು ತೀರಿಹೋಗಿರುತ್ತಾರೆ. ಅವರ ಮುಖ ನಾನು ಕಂಡಿಲ್ಲ, ಆಟದೊಳಗಿನ ಊರುಗಳನ್ನೂ ಕಂಡಿಲ್ಲ. ಹಾಗಾಗಿ ಈ ಕೆಲಸದಲ್ಲಿ ಬೇಸರವಾದದ್ದುಂಟು, ಕಣ್ಣು ಉರಿದದ್ದುಂಟು, ಅಂಜಿಕೆಯಾದದ್ದಿಲ್ಲ. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಸರ್ ಫೋನ್ ಮಾಡುವವರೆಗೆ.

"ನನ್ನ ಆಟ ನೆನಪೈತೇನವಾ?" ಎಂದು ಕೇಳಿದರು.

"ನೆನಪಿಲ್ಲದ ಏನ್ರಿ ಸರ್," ಅಂದೆ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಸರ್ ನಮ್ಮೂರ ಬಜಾರದಲ್ಲಿ ಒಂದು ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಾಲ್ಕು ಯಂತ್ರಗಳು, ಸುಣ್ಣದ ಗೋಡೆ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಪಾಠ ಮುಗಿದ ಮೇಲೆ ಅವರು ತಾವೇ ಬರೆದ ಆಟವನ್ನು ಹಚ್ಚಿ ಕೊಡುತ್ತಿದ್ದರು. ಕನ್ನಡದ ಆಟ. ಆಗಿನ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಒಂದೊಂದು ಅಕ್ಷರವನ್ನೂ ಲೆಕ್ಕದ ಹಾಳೆಯ ಮೇಲೆ ಚೌಕ ತುಂಬಿ ತುಂಬಿ ಬರೆದು, ಅದಕ್ಕೊಂದು ಅಂಕಿ ಕೊಟ್ಟು ಕೂಡಿಸಿದ್ದರು. ಆಟದಲ್ಲಿ ಒಂದು ಊರು. ಆ ಊರಿನ ಏಳು ಮಕ್ಕಳು ಕಾಣೆಯಾಗಿದ್ದಾರೆ. ನಾವು ಕುರುಬನೋ, ನೇಕಾರನೋ, ಪೈಲವಾನನೋ ಆಗಿ ಅವರನ್ನು ಹುಡುಕಬೇಕು. ಆರು ಮಕ್ಕಳು ಹೊಲ, ಕೆರೆ, ಮಠ ಅಂತ ಎಲ್ಲೆಲ್ಲೋ ಸಿಗುತ್ತಾರೆ. ಏಳನೆಯ ಮಗು ಮಾತ್ರ ಊರ ತುದಿಯ ಹಿಟ್ಟಿನ ಗಿರಣಿಯೊಳಗೆ. ಅಲ್ಲಿ ಗಿರಣಿ ಮುದುಕಿ ಇರುತ್ತಾಳೆ. ಮೈಯೆಲ್ಲ ಬಿಳಿ. ಹಿಡಿದಳೆಂದರೆ, "ಸಿಕ್ಕಿ! ನಿನ್ನ ಬೀಸತೀನಿ" ಅನ್ನುತ್ತಾಳೆ, ಆಟ ಮುಗಿಯುತ್ತದೆ. ಅವಳಿಂದ ಪಾರಾಗುವ ದಾರಿ ಒಂದೇ: ಗಿರಣಿ ತಿರುಗುತ್ತಿರುವಾಗಲೇ ಮಗುವನ್ನು ಕರೆದುಕೊಂಡು ಹೊರಗೆ ಬಂದು ಬಾಗಿಲಿಗೆ ಚಿಲಕ ಹಾಕಬೇಕು.

ಹಳೆಯ ಆಟಗಳನ್ನು ಹುಡುಕಿ ಉಳಿಸುವ ಒಂದು ಗುಂಪಿಗೆ ಈ ಆಟದ ಸುದ್ದಿ ಮುಟ್ಟಿತ್ತು. ಅವರಿಗೆ ಅದು ಬೇಕಾಗಿತ್ತು. ಸರ್‌ಗೂ ಆಸೆ ಹುಟ್ಟಿತ್ತು. ನಾನು ಬಸ್ಸು ಹತ್ತಿ ಕಲಘಟಗಿ ದಾಟಿ ದೇವಿಕೊಪ್ಪಕ್ಕೆ ಹೋಗಿ, ನಿವೃತ್ತರಾಗಿ ಅಲ್ಲಿರುವ ಅವರಿಂದ ಆಟವನ್ನು ತುಂಬಿಟ್ಟಿದ್ದ ಐದು ಫ್ಲಾಪಿಗಳನ್ನು ತಂದೆ. ಎರಡಕ್ಕೆ ಬೂಷ್ಟು ಹಿಡಿದಿತ್ತು. ಉಳಿದ ಮೂರನ್ನು ಒರೆಸಿ, ಒಣಗಿಸಿ, ಉಸಿರು ಹಿಡಿದು ಓದಿಸಿದೆ. ಅಂಥ ಫ್ಲಾಪಿ ಕೆಲವು ಸಲ ಒಂದೇ ಒಂದು ಬಾರಿ ಓದಿಸಿಕೊಳ್ಳುತ್ತದೆ, ಆಮೇಲೆ ಸಾಯುತ್ತದೆ. ಆಟ ಸಿಕ್ಕಿತು. ಆದರೆ ಸರ್ ಬರೆದ ಮೂಲ ಕೋಡ್, ಅಂದರೆ ಆಟ ಹೇಗೆ ನಡೆಯಬೇಕೆಂದು ಅವರು ಬರೆದಿದ್ದ ಸಾಲುಗಳು, ಎಲ್ಲಿಯೂ ಇರಲಿಲ್ಲ. ಸಿಕ್ಕಿದ್ದು ಅಡುಗೆಯಾದ ಮೇಲಿನ ಸಾರು ಮಾತ್ರ. ಅದರಿಂದ ಉಪ್ಪೆಷ್ಟು ಖಾರವೆಷ್ಟು ಎಂದು ನಾನು ತಿಳಿದುಕೊಳ್ಳಬೇಕಿತ್ತು.

ಹಳೆಯ ಆಟಗಳ ದೊಡ್ಡ ಪೀಡೆ ವೇಗ. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಯಂತ್ರವನ್ನು ತಡೆದು ನಿಲ್ಲಿಸಲು ಆಗಿನವರು ಅದಕ್ಕೆ ಸುಮ್ಮನೆ ಅಂಕಿ ಎಣಿಸಲು ಹಚ್ಚುತ್ತಿದ್ದರು. ಆಗಿನ ಯಂತ್ರ ಎಣಿಸುವಷ್ಟರಲ್ಲಿ ಆಡುವವನಿಗೆ ಓಡಲು ಸಮಯ ಸಿಗುತ್ತಿತ್ತು. ಇಂದಿನ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಎಷ್ಟು ಕೆಟ್ಟಿದೆ ನೋಡೋಣವೆಂದು ಮೊದಲ ಸಲ ಏನೂ ತಿದ್ದದೆ ಹಚ್ಚಿದೆ. ಕುರುಬನನ್ನು ಗಿರಣಿಯ ಬಾಗಿಲವರೆಗೆ ಒಯ್ದೆ. ಒಂದು ಕೀ ಒತ್ತಿದೆ. ಗಿರಣಿಯ ಸಪ್ಪಳ ಬರಲಿಲ್ಲ, ಟಿಕ್ ಅಂತ ಒಂದೇ ಒಂದು ಸದ್ದು. ಪರದೆಯ ಆ ತುದಿಯಲ್ಲಿದ್ದ ಬಿಳಿ ಆಕೃತಿ ನಡೆದು ಬರಲಿಲ್ಲ, ಓಡಿ ಬರಲಿಲ್ಲ. ನನ್ನ ಮೇಲೆಯೇ ಇತ್ತು. "ಸಿಕ್ಕಿ!"

ಮುಂಜಾನೆ ಹನ್ನೊಂದು ಗಂಟೆ. ಹೊರಗೆ ಬಿಸಿಲಿತ್ತು. ಕಟ್ಟೆಯ ಮೇಲೆ ಅವ್ವ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು.

"ಏನ ಬಿತ್ತು ಬೇ?" ಎಂದು ಅವ್ವ ಕೂಗಿದಳು.

"ಏನಿಲ್ಲಬೇ, ಕುರ್ಚಿ," ಅಂದೆ.

ಎರಡು ವಾರ ವೇಗ ತಿದ್ದಿದೆ. ಮತ್ತೆರಡು ವಾರ ಅಕ್ಷರಗಳು. ಆಮೇಲೆ ಆಟವನ್ನು ಎಲ್ಲ ದಾರಿಗಳಿಂದಲೂ ಆಡಿ ನೋಡುವ ಕೆಲಸ. ಕುರುಬನಾಗಿ ಆರು ಮಕ್ಕಳನ್ನು ತಂದೆ, ನೇಕಾರನಾಗಿ ಆರು, ಪೈಲವಾನನಾಗಿ ಆರು. ಏಳನೆಯದನ್ನು ನಾಳೆ ನೋಡಿದರಾಯಿತು ಎಂದು ಪ್ರತಿ ಸಲ ಗಿರಣಿಯ ಮುಂದೆ ಬಂದು ನಿಲ್ಲಿಸಿದೆ. ಚಿಲಕ ಹಾಕುವ ಕೀ ಮೇಲೆ ಬೆರಳಿಡುತ್ತಿದ್ದೆ, ಒತ್ತಲು ಆಗುತ್ತಿರಲಿಲ್ಲ. ಯಾಕೆಂದರೆ ಆ ಚಿಲಕವನ್ನು ನಾನು ಒಮ್ಮೆ ನಿಜವಾಗಿಯೂ ಹಾಕಿದ್ದೆ.

ನಮ್ಮ ಓಣಿಯ ತಿರುವಿನಲ್ಲಿ ಒಂದು ಗಿರಣಿ ಇತ್ತು. ಗಂಡ ತೀರಿಕೊಂಡ ಮೇಲೆ ಆ ಮನೆಯ ಹೆಣ್ಣುಮಗಳೇ ಅದನ್ನು ನಡೆಸುತ್ತಿದ್ದಳು. ಆಗ ಅವಳಿಗೆ ನಲವತ್ತೈದು ಇದ್ದೀತು, ಮುದುಕಿಯೇನಲ್ಲ. ನಾವು ಗಿರಣಿ ಅತ್ತಿ ಅನ್ನುತ್ತಿದ್ದೆವು. ಹುಬ್ಬು, ರೆಪ್ಪೆ, ಮುಂಗೈ ಎಲ್ಲ ಹಿಟ್ಟು. ಸಪ್ಪಳದ ನಡುವೆ ಕೂಗಿ ಕೂಗಿ ದನಿ ಒಡೆದಿತ್ತು. ಸರ್ ಆಟ ಕೊಟ್ಟ ಮೇಲೆ ಕ್ಲಾಸಿನ ಮಕ್ಕಳ ಬಾಯಲ್ಲಿ ಅವಳು ಗಿರಣಿ ಮುದುಕಿಯಾದಳು. ಬೇರೆಯವರಿಗೆ ಅದು ಚೇಷ್ಟೆ. ನಾನು ನಂಬಿದ್ದೆ. ಹದಿಮೂರು ವರ್ಷದ ಹುಡುಗಿ ಹಾಗೆಲ್ಲ ನಂಬಬಾರದು, ಆದರೆ ನಂಬಿದ್ದೆ.

ಒಂದು ಮಧ್ಯಾಹ್ನ ಅವ್ವ ಸ್ಟೀಲಿನ ಡಬ್ಬಿ ತುಂಬ ಜೋಳ ಕೊಟ್ಟು ಬೀಸಿಕೊಂಡು ಬಾ ಅಂದಳು. ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬೆಲ್ಟು ತಿರುಗುತ್ತಿತ್ತು. ನಾನು ಡಬ್ಬಿಯನ್ನು ನೆಲಕ್ಕಿಟ್ಟೆ. ಅವಳು ಬಾಗಿ ನನ್ನ ಕಡೆ ಬಿಳಿ ಕೈ ಚಾಚಿದಳು. ಡಬ್ಬಿಗೆ ಚಾಚಿದ್ದಳು ಎಂದು ಇಂದು ಗೊತ್ತು. ನಾನು ಓಡಿ ಹೊರಬಿದ್ದು ಬಾಗಿಲು ಎಳೆದು ಚಿಲಕ ಹಾಕಿದೆ. ಮನೆಗೆ ಓಡಿ ಬಂದು ಕಾಳಿನ ಚೀಲಗಳ ಹಿಂದೆ ಕುಳಿತೆ. ಅಷ್ಟರಲ್ಲಿಯೇ ಕರೆಂಟು ಹೋಗಿ ಗಿರಣಿಯ ಸಪ್ಪಳ ನಿಂತಿತು. ಆಗಲೂ ಹೋಗಿ ಚಿಲಕ ತೆಗೆಯಲಿಲ್ಲ ನಾನು. ಸಂಜೆ ಯಾರೋ ಹಿಟ್ಟಿಗೆ ಹೋದವರು ಬಾಗಿಲು ತೆರೆದರಂತೆ. ಮರುದಿನ ನಮ್ಮ ಡಬ್ಬಿ ಮನೆಗೆ ಬಂತು. ಜೋಳ ಹಾಗೆಯೇ ಇತ್ತು, ಬೀಸಿರಲಿಲ್ಲ. "ಯಾಕ ಬೀಸಿಲ್ಲ?" ಎಂದಳು ಅವ್ವ. ಕರೆಂಟಿರಲಿಲ್ಲ ಅಂದೆ. ವರ್ಷ ತುಂಬುವುದರೊಳಗೆ ಗಿರಣಿ ಮುಚ್ಚಿತು, ಅವಳು ಊರು ಬಿಟ್ಟು ಹೋದಳು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಸರ್‌ಗೆ ಫೋನ್ ಮಾಡಿದೆ. "ಆ ಮುದುಕಿ ಯಾರ್ರಿ ಸರ್?" ಎಂದು ಕೇಳಿದೆ.

"ಯಾರೂ ಅಲ್ಲವಾ. ಆಗಿನ ಮಷೀನಿನ ಸ್ಪೀಕರ್‌ದಾಗ ಸಂಗೀತ ಬರ್ತಿದ್ದಿಲ್ಲ, ಹಕ್ಕಿ ಕೂಗು ಬರ್ತಿದ್ದಿಲ್ಲ. ಗಿರಣಿ ಸಪ್ಪಳ ಒಂದ ಅಗದಿ ಚೊಲೋ ಬರ್ತಿತ್ತು. ಅದಕ್ಕ ಗಿರಣಿ ಇಟ್ಟೆ. ಗಿರಣಿ ಇಟ್ಟ ಮ್ಯಾಲೆ ನಡಸಾಕ ಯಾರರೆ ಬೇಕಲ್ಲ?"

"ನಮ್ಮ ಓಣಿ ಗಿರಣಿ ನೋಡೇ ಬರದಿದ್ರಿ, ಹೌದಿಲ್ರಿ?"

ಅವರ ಉತ್ತರಕ್ಕೆ ನಾನು ಕಾಯಲಿಲ್ಲ. ನಾನೇ ಹೇಳಿದೆ. "ಅವತ್ತ ಚಿಲಕಾ ಹಾಕಿದಾಕಿ ನಾನ್ರಿ ಸರ್."

ಆಗ ಅವರು ತಮ್ಮದನ್ನು ಹೇಳಿದರು. ಗಿರಣಿ ಅತ್ತಿ ಮರುದಿನ ಕ್ಲಾಸಿನ ಮೆಟ್ಟಿಲು ಹತ್ತಿ ಬಂದಿದ್ದಳಂತೆ. "ಹುಡುಗರು ನನ್ನ ಗಿರಣಿ ಮುದುಕಿ ಅಂತಾರ, ನಿನ್ನೆ ಹೊರಗಿಂದ ಚಿಲಕಾ ಹಾಕ್ಯಾರ, ನೀವು ಇಲ್ಲೆ ಏನ ಕಲಸಾಕತ್ತೀರಿ ಮಾಸ್ತರ?" ಎಂದು ಕೇಳಿದ್ದಳಂತೆ. "ಚಿಲಕಾ ಅಂದಕೂಡ್ಲೆ ನನಗ ಎಲ್ಲಾ ತಿಳೀತು," ಎಂದರು ಸರ್. "ಒಂದ ಮಷೀನಿನ್ಯಾಗ ಆಟ ಚಾಲೂ ಇತ್ತು. ನಾ ಎದ್ದು ಅದರ ಮುಂದ ನಿಂತೆ, ಆಕಿಗೆ ಕಾಣಬಾರದಂತ. ಕಂಪ್ಯೂಟರ್ ಕಲಸ್ತೀನ್ರಿ, ಅಷ್ಟ, ಅಂದೆ." ಅಷ್ಟು ವರ್ಷ ಇಬ್ಬರೂ ಒಂದೇ ಅಂಜಿಕೆಯನ್ನು ಬೇರೆ ಬೇರೆ ಊರಲ್ಲಿ ಇಟ್ಟುಕೊಂಡಿದ್ದೆವು.

ವಿಚಾರಿಸಿದಾಗ ಅವಳು ಕುಬಿಹಾಳದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಸರ್ ಬಸ್ಸಿಗೆ ಕುಂದಗೋಳಕ್ಕೆ ಬಂದರು, ನನ್ನ ಸ್ಕೂಟರಿನ ಹಿಂದೆ ಕುಳಿತರು. ಹಿಂದಿನ ದಿನ ಮಳೆಯಾಗಿತ್ತು. ದಾರಿಯಲ್ಲಿ ಎರಿಮಣ್ಣು ಗಾಲಿಗೆ ಅಂಟಿ ಎರಡು ಸಲ ಇಳಿದು ಕಡ್ಡಿಯಿಂದ ಕೆದರಿದೆವು. ಎರಡನೆಯ ಸಲ ಸರ್, "ವಾಪಸ್ ಹೋಗೂಣೇನವಾ?" ಅಂದರು. ನನಗೂ ಅದೇ ಬೇಕಾಗಿತ್ತು. ಆದರೆ ನಾನು ಸ್ಕೂಟರ್ ಚಾಲೂ ಮಾಡಿದೆ.

ಅವಳು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಂಗಿಯ ಮಗಳು ನೀರು ತಂದಿಟ್ಟಳು. ನಮ್ಮ ಓಣಿಯ ಹೆಸರು ಹೇಳಿ, ಅಲ್ಲಿಯವಳು ನಾನು ಅಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗೊತ್ತಾತು. ಸ್ಟೀಲ್ ಡಬ್ಬಿಯಾಕಿ," ಅಂದಳು.

ಅಲ್ಲಿಯೇ ನೆಲದ ಮೇಲೆ ಕುಳಿತೆ. "ತಪ್ಪಾತ್ರಿ ಅತ್ತಿ," ಅಂದೆ.

"ಯಾಕ ಹಾಕಿದಿ?"

"ಅಂಜಿದ್ನಿರಿ."

"ನಾ ಏನ ಮಾಡಿದ್ನೆ ನಿನಗ?"

"ಏನೂ ಮಾಡಿರಲಿಲ್ರಿ."

ಅವಳು ಸೆರಗು ಸರಿಸಿ ಕುತ್ತಿಗೆಯ ಬಲಭಾಗ ತೋರಿಸಿದಳು. ಹಗ್ಗದಷ್ಟು ದಪ್ಪದ ಹಳೆಯ ಗೆರೆ. "ನೀ ಓಡಿದಿ ಅಂತ ತಿರುಗಿ ನೋಡಿದೆ. ಸೆರಗ ಬೆಲ್ಟಿಗೆ ಸಿಕ್ತು. ಒದರಿದೆ, ಗಿರಣಿ ಸಪ್ಪಳದಾಗ ಯಾರಿಗೆ ಕೇಳಸ್ತೈತಿ? ಕೇಳಿದ್ರೂ ಬಾಗಲಾ ಹಾಕೇತಿ. ಕರೆಂಟ್ ಹೋತು, ಉಳಕೊಂಡೆ." ಮತ್ತೆ ಮೊರ ಕೈಗೆತ್ತಿಕೊಂಡಳು. "ಡಬ್ಬಿ ಬೀಸದ ಕಳಿಸಿದ್ದು ಬೇಕಂತ. ಬೀಸಾಕ ನೀ ಮತ್ತ ಬರ್ತಿ, ಆವಾಗ ಕೇಳೂಣು ಅಂತ. ನೀ ಬರಲೇ ಇಲ್ಲ. ಆಮ್ಯಾಲೆ ಒಳಗ ಒಬ್ಬಾಕಿನ ನಿಲ್ಲಾಕ ಆಗಲಿಲ್ಲ ನನಗ. ಮಾರಿದೆ."

ನಾನು ಅಷ್ಟು ವರ್ಷ ಅಂಜಿದ್ದು ಅವಳು ಬೈದಾಳು ಎಂದು. ಅವಳು ಸತ್ತೇಹೋಗಬಹುದಿತ್ತು ಎಂಬುದು ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡೆ.

ಸರ್ ಆಟದ ವಿಷಯ ಹೇಳಿದರು. ತೋರಿಸಿರಿ ಅಂದಳು. ನಾನು ಲ್ಯಾಪ್‌ಟಾಪ್ ತೆರೆದೆ. ಕುರುಬ ಗಿರಣಿಗೆ ಬಂದ. ಬಿಳಿ ಚೌಕಗಳ ಆಕೃತಿ ಕಾಣಿಸಿತು.

"ಇದು ನಾನೇನ್ರಿ ಮಾಸ್ತರ?"

"ಹೌದ್ರಿ," ಎಂದರು ಸರ್. ತಲೆ ಎತ್ತಲಿಲ್ಲ.

"ಮೂಗ ಇಲ್ಲ."

ತಂಗಿಯ ಮಗಳು ನಕ್ಕು, ಚಟ್ಟನೆ ಸುಮ್ಮನಾದಳು.

"ಮುಂದ?"

"ಮುಂದ ಚಿಲಕಾ ಹಾಕಬೇಕ್ರಿ," ಅಂದೆ.

"ಹಾಕು, ನೋಡತೀನಿ."

ಆಗುವುದಿಲ್ಲ ಅಂದೆ. ಅವಳು ಬಿಡಲಿಲ್ಲ. "ಅವತ್ತ ಆಗಿತ್ತಲ್ಲ. ಹಾಕು." ನಾನು ಒತ್ತಿದೆ. ಗಿರಣಿಯ ಗರಗರ ನಿಂತಿತು. ಪರದೆಯ ಮೇಲೆ "ಮುದುಕಿ ಒಳಗೇ ಸತ್ತಳು" ಎಂದು ಮೂಡಿತು. ಅವಳು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅಂಗೈಯಿಂದ ಕುತ್ತಿಗೆ ಮುಚ್ಚಿಕೊಂಡಳು.

"ತಗದ ಬಿಡ್ತೀವ್ರಿ, ಗಿರಣೀನ ತಗದ ಬಿಡ್ತೀವಿ," ಎಂದರು ಸರ್.

"ಗಿರಣಿ ಯಾಕ ತಗೀತೀರಿ? ಗಿರಣಿ ಇರಲಿ. ಚಿಲಕಾ ತಗೀರಿ."

ಚಿಲಕ ತೆಗೆಯುವುದು ಅಷ್ಟು ಸರಳವಿರಲಿಲ್ಲ. ಚಿಲಕ ಬಿದ್ದಿದೆಯೋ ಇಲ್ಲವೋ ಎಂಬ ಆ ಒಂದು ಲೆಕ್ಕವನ್ನು ಸರ್ ಆಟದ ಉದ್ದಕ್ಕೂ ಬಳಸಿದ್ದರು. ಅದನ್ನು ಕಿತ್ತರೆ ಉಳಿದ ಆರು ಮಕ್ಕಳೂ ಮನೆ ಸೇರದೆ ಊರ ನಡುವೆ ಕಲ್ಲಿನಂತೆ ನಿಲ್ಲುತ್ತಿದ್ದರು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಆಟ ಕುಸಿಯುತ್ತಿತ್ತು. ಮೂಲ ಕೋಡ್ ಇಲ್ಲದ್ದರಿಂದ, ಹಳೆಯ ಸಾಲಿಗೆ ಎಷ್ಟು ಜಾಗವಿತ್ತೋ ಅಷ್ಟರಲ್ಲಿಯೇ ಹೊಸ ಸಾಲು ಕೂಡಬೇಕು. ಒಂದು ಅಕ್ಷರ ಹೆಚ್ಚಾದರೂ ಪಕ್ಕದ್ದು ಹಾಳಾಗುತ್ತದೆ. ಆಡುವವನು ಕಾಳಿನ ಡಬ್ಬಿ ಇಟ್ಟು ಬೀಸುವವರೆಗೆ ಕಾಯಬೇಕು, ಗಿರಣಿ ತಾನಾಗಿ ನಿಂತ ಮೇಲೆ ಏಳನೆಯ ಮಗು ಹೊರಬರಬೇಕು ಎಂದು ಮಾಡಿದೆವು. "ಸಿಕ್ಕಿ! ನಿನ್ನ ಬೀಸತೀನಿ" ಇದ್ದ ಕಡೆ ಏನು ಹಾಕುವುದು? ಕುಬಿಹಾಳಕ್ಕೆ ಫೋನ್ ಮಾಡಿ, ಮಕ್ಕಳು ಬಂದರೆ ನೀವು ಏನು ಅನ್ನುತ್ತಿದ್ದಿರಿ ಎಂದು ಕೇಳಿದೆ.

"ಏನ ಅನ್ನಲಿ? ಡಬ್ಬಿ ಇಡು, ನಿಂದ್ರು, ಅಂತಿದ್ದೆ," ಅಂದಳು. ಆ ಜಾಗದಲ್ಲಿ ಅದು ಕೂಡಿತು. ಎರಡು ಅಕ್ಷರದ ಜಾಗ ಖಾಲಿಯೂ ಉಳಿಯಿತು.

ಗುಂಪಿನವರಿಗೆ ಇದು ಸೇರಲಿಲ್ಲ. ಹಳೆಯದು ಹಳೆಯದರಂತೆಯೇ ಇರಬೇಕು, ತಿದ್ದಿದರೆ ಅದು ಇತಿಹಾಸವಲ್ಲ ಎಂದು ಬರೆದರು. ಅವರ ಮಾತು ತಪ್ಪೆಂದು ಹೇಳಲಾರೆ. ಬೇರೆ ಯಾವುದೇ ಆಟವಾಗಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಆದರೆ ಇದು ನನ್ನ ಆಟ ಎಂದು ಸರ್ ಪಟ್ಟು ಹಿಡಿದರು. ತಿದ್ದಿದ್ದೇ ಹೊರಬಂತು.

ಹೋದ ತಿಂಗಳು ಆ ಗುಂಪಿನಿಂದ ಒಂದು ಸಂದೇಶ ಬಂತು. ಯಾರದೋ ಅಟ್ಟದ ಮೇಲೆ ಸರ್ ಆಗ ಹಂಚಿದ್ದ ಇನ್ನೊಂದು ಫ್ಲಾಪಿ ಸಿಕ್ಕಿದೆ. ಅದರಲ್ಲಿಯ ಆಟವನ್ನು ಏನೂ ತಿದ್ದದೆ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಅಸಲಿ ಆಟ, ಚಿಲಕ ಇರುವುದು, ಎಂದು ಅದರ ಕೆಳಗೆ ಬರೆದಿದ್ದಾರೆ. ಎಷ್ಟು ಮಂದಿ ಇಳಿಸಿಕೊಂಡಿದ್ದಾರೋ ನೋಡಲು ನನಗೆ ಧೈರ್ಯವಾಗಲಿಲ್ಲ. ಅದನ್ನು ಯಾರೂ ಹಿಂದಕ್ಕೆ ತರಲಾರರು.

ಕುಬಿಹಾಳದಿಂದ ಫೋನ್ ಬಂದರೆ ಈಗ ಎತ್ತುವ ಮೊದಲು ಒಂದು ಗಳಿಗೆ ನಿಲ್ಲುತ್ತೇನೆ. ಅವಳಿಗೆ ಇದು ಇನ್ನೂ ಗೊತ್ತಿಲ್ಲ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕು. ಸರ್‌ಗೆ ಕೇಳಿದೆ, ಅವರು ಬರಲಾರೆ ಅಂದರು, ಎರಡನೇ ಸಲ ಆ ಪಡಸಾಲೆಯಲ್ಲಿ ಕೂಡಲು ತಮ್ಮಿಂದ ಆಗದು ಅಂದರು. ಬರುವ ಸೋಮವಾರ ನಾನೊಬ್ಬಳೇ ಹೋಗುತ್ತೇನೆ.