ಕುಲುಮೆಯಲ್ಲಿ ಹಣ್ಣಾಗುವ ಬಣ್ಣ

ಬೆಳಗಿನ ಆರು ಗಂಟೆ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ, ಅಂಗೈಯಗಲದ ಗಾಜಿನ ಕಿಂಡಿಗೆ ಕಣ್ಣಿಟ್ಟು ಹೆಂಗಸೊಬ್ಬರು ಕುಳಿತಿದ್ದಾರೆ. ಕಿಂಡಿಯಾಚೆ ವಿದ್ಯುತ್ ಕುಲುಮೆ. ಅದರೊಳಗಿನ ಉಕ್ಕಿನ ತಗಡಿನ ಮೇಲೊಂದು ಮಿಂಚುಳ್ಳಿ. ರೆಕ್ಕೆಯ ನೀಲಿ ಚೆನ್ನಾಗಿ ಬಂದಿದೆ, ಎದೆ ಮಾತ್ರ ಪೇಲವ ಹಳದಿ. ಅದು ಕಿತ್ತಳೆಯಾಗಬೇಕು.

ಮಕ್ಕಳ ಆಸ್ಪತ್ರೆಯ ಹನ್ನೆರಡು ಬಾಗಿಲಿಗೆ ಹನ್ನೆರಡು ಹಕ್ಕಿ. ಹನ್ನೊಂದು ಕಟ್ಟಿಟ್ಟಾಗಿದೆ. ಹತ್ತು ಗಂಟೆಗೆ ಆಸ್ಪತ್ರೆಯವರು ಬರುತ್ತಾರೆ. ಇದು ಕೆಟ್ಟರೆ ಇನ್ನೊಂದು ಮಾಡೋಣವೆಂದರೆ ತಗಡು ಮುಗಿದಿದೆ.

ಓಣಿಯವರಿಗೆಲ್ಲ ಇವರು ಬಣ್ಣದಕ್ಕ. ಹಾಗೆಂದು ಇಲ್ಲಿ ಡಬ್ಬಿಯೂ ಇಲ್ಲ, ಕುಂಚವೂ ಇಲ್ಲ. ಲೇಸರ್ ತಾಗಿದ ಕಡೆ ಉಕ್ಕಿನ ಮೇಲೆ ತೆಳು ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಹಳದಿ ಕಿತ್ತಳೆಯಾಗಿ, ನೇರಳೆಯಾಗಿ, ನೀಲಿಯಾಗುತ್ತದೆ. ಲೇಸರ್ ಯಂತ್ರ ಮೈದುನನದು. ಅವನು ಮೂಡಿಸಿದ ಬಣ್ಣಕ್ಕೆ ಕಾವು ಕೊಟ್ಟು ತಿದ್ದುವವರು ಈ ಅತ್ತಿಗೆ.

"ಅವನು ಕಾಯಿ ಕೊಡ್ತಾನೆ, ನಾನು ಹಣ್ಣು ಮಾಡ್ತೀನಿ. ನೀಲಿ ಆಗ್ಲೇ ದಪ್ಪ, ಸುಲಭಕ್ಕೆ ಅಲುಗಾಡಲ್ಲ. ಈ ಹಳದಿ ಇದ್ಯಲ್ಲ, ಕಣ್ಣು ಮಿಟುಕಿಸೋದ್ರಲ್ಲಿ ಓಡ್ಬಿಡುತ್ತೆ. ಹೋದ್ರೆ ಹಿಂದಕ್ಕೆ ತರೋಕೆ ಯಾರಪ್ಪನ ಕೈಲೂ ಆಗಲ್ಲ."

ಇವರ ಕೆಲಸ ನೋಡಲೆಂದು ಬಂದ ನನಗೆ ಒಳಗೆ ಕಾಲಿಟ್ಟ ಕೂಡಲೇ ಬೈಗುಳವೂ ಸಿಕ್ಕಿತ್ತು: "ಬರಿಗೈಲಿ ಮುಟ್ಬೇಡಿ! ಬೆರಳಿನ ಜಿಡ್ಡು ಬೆಂದು ಕಲೆ ಆಗುತ್ತೆ, ತಿಕ್ಕಿದ್ರೂ ಹೋಗಲ್ಲ."

ದಿನಕ್ಕೆ ನಲವತ್ತು ತಗಡಿನಂತೆ ಹನ್ನೊಂದು ವರ್ಷ. ಮಣಿಕಟ್ಟಿನ ಮೇಲೆ ಸುಟ್ಟ ಗುರುತುಗಳು ಮೂರು. ಮೊದಲ ತಿಂಗಳು ದಂತವೈದ್ಯರೊಬ್ಬರ ಹೊನ್ನಿನ ಬಣ್ಣದ ನಾಮಫಲಕ ಇವರ ಕೈಯಲ್ಲಿ ನೇರಳೆಯಾಯಿತು. "ಸರಿಯಾದ ಬಣ್ಣ ಬಂದ್ಮೇಲೆ ತೆಗೆದೆ ನೋಡಿ, ಅದೇ ತಪ್ಪು. ಬಿಸಿ ತಗಡು ಹೊರಗೂ ಬೇಯ್ತಾನೇ ಇತ್ತು." ಆ ಫಲಕವೀಗ ಮನೆಯ ಹಾಲಿನ ಪಾತ್ರೆಯ ಮುಚ್ಚಳ. "ಹಾಲಿಗೆ ಡಾಕ್ಟ್ರನ್ನ ಮುಚ್ಚಿದ್ಯೇನೇ?" ಎಂದು ಅತ್ತೆ ದಿನಾ ಕೇಳುತ್ತಾರಂತೆ.

ಬಾಗಿಲಲ್ಲಿ ಮೈದುನನ ತಲೆ ಕಾಣುತ್ತದೆ. "ಇನ್ನೆರಡು ನಿಮಿಷ ಬಿಡಿ ಅತ್ತಿಗೆ, ಸಪ್ಪೆ ಇದೆ."

"ಸುಮ್ನಿರೋ ಮಾರಾಯ. ನೇರಳೆ ಆದ್ರೆ? ಹುಷಾರಿಲ್ಲದ ಮಕ್ಕಳ ಬಾಗಿಲಿಗೆ ಎದೆಗೆ ಪೆಟ್ಟು ಬಿದ್ದ ಹಕ್ಕಿ ಕಳಿಸೋದಾ?"

ಎದೆ ಇನ್ನೂ ಹೊಂಬಣ್ಣದಲ್ಲಿರುವಾಗಲೇ ಇಕ್ಕಳ ಒಳಗೆ ಹೋಗುತ್ತದೆ. ತಗಡು ಇಟ್ಟಿಗೆಯ ಮೇಲೆ ಬಂದು ಕೂರುತ್ತದೆ. ಮೂವರೂ ಬಾಗಿ ನೋಡುತ್ತೇವೆ. ಹೊನ್ನು ನಿಧಾನವಾಗಿ ಕೆಂಪಿಗೆ ವಾಲಿ, ಕಿತ್ತಳೆಯಾಗಿ, ಅಲ್ಲೇ ನಿಲ್ಲುತ್ತದೆ. ನನಗೇ ಕುಣಿಯಬೇಕೆನಿಸುತ್ತದೆ. ಬಣ್ಣದಕ್ಕ ಮಾತ್ರ ನೀರು ಕುಡಿಯಲು ಏಳುತ್ತಾರೆ.

ಆರಿದ ತಗಡನ್ನು ಅವರು ಮಗುಚಿದಾಗ ಹಿಂಬದಿಯ ಮೂಲೆಯಲ್ಲಿ ಕಂದು ಹೆಬ್ಬೆಟ್ಟಿನ ಗುರುತೊಂದು ಕಾಣುತ್ತದೆ. ಬೈಸಿಕೊಂಡಿದ್ದ ನಾನು ಸೇಡು ತೀರಿಸಿಕೊಳ್ಳಲು ಬೆರಳು ತೋರಿಸುತ್ತೇನೆ: "ಅಕ್ಕಾ, ಕಲೆ!"

ಅವರು ನಗುತ್ತಾರೆ. "ಬೇಕಂತಲೇ ಒತ್ತಿದ್ದು. ಎಲ್ಲಾ ತಗಡಿಗೂ ಒಂದೊಂದು."

"ಬಾಗಿಲಿಗೆ ಕೂರಿಸಿದ ಮೇಲೆ ಯಾರಿಗೂ ಕಾಣಲ್ವಲ್ಲ?"

"ಕಾಣೋದು ಬೇಡ. ಮಕ್ಕಳು ಹಕ್ಕಿ ನೋಡ್ಲಿ. ನಾನು ಅಲ್ಲೇ ಇರ್ತೀನಲ್ಲ."