ಘೋರಕೇತುವಿನ ಮೀಸೆ

ಮೊನ್ನೆ ಮೊಮ್ಮಗಳಿಗೆ ಬಣ್ಣದ ಪೆನ್ಸಿಲ್ ಕೊಳ್ಳಲು ಹೋಗಿದ್ದೆ. ಅಂಗಡಿಯವರು ಯಾರಿಗೋ ತೋರಿಸಲು ಇಂಡಿಯನ್ ಇಂಕಿನ ಬಾಟಲಿಯ ಮುಚ್ಚಳ ತೆಗೆದರು. ಹಳೇ ಕರ್ಪೂರದ ಡಬ್ಬಿ ತೆರೆದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ಅದು ಅಪ್ಪನ ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದ ನಮ್ಮ ಹೆಂಚಿನ ಮನೆಯ ಅಡುಗೆಮನೆಗೆ ಒಗ್ಗರಣೆಯ ವಾಸನೆಯಿದ್ದರೆ, ಬೀದಿಗೆ ತೆರೆದುಕೊಂಡ ಮುಂಗೋಣೆಗೆ ಈ ಮಸಿಯ ವಾಸನೆ ಇತ್ತು. ಅಪ್ಪ ಅಲ್ಲಿ ಕೂತು ಬೆಂಗಳೂರಿನ ಒಂದು ಮಕ್ಕಳ ಮಾಸಪತ್ರಿಕೆಗೆ ಚಿತ್ರಕಥೆ ಬರೆಯುತ್ತಿದ್ದ. ಮುಗಿದ ಹಾಳೆಗಳನ್ನು ತಗಡಿನ ಕೊಳವೆಯೊಳಗೆ ಸುತ್ತಿಟ್ಟುಕೊಂಡು ರೈಲಿನಲ್ಲಿ ಕಡೂರಿಗೆ ಹೋಗಿ, ಪರಿಚಯದ ಬಸ್ ಕಂಡಕ್ಟರ್ ಕೈಗೆ ಕೊಟ್ಟು ಬರುತ್ತಿದ್ದ. ಅಂಚೆಯಲ್ಲಿ ಹಾಕಿದರೆ ಮಡಿಸಿಬಿಡುತ್ತಾರೆ ಎಂಬ ಹೆದರಿಕೆ ಅವನಿಗೆ.

ಅಪ್ಪನಿಗೆ ಒಂದು ಕಷ್ಟವಿತ್ತು. ಕಣ್ಣೆದುರು ಇಲ್ಲದ್ದನ್ನು ಬರೆಯಲು ಅವನ ಕೈಗೆ ಬರುತ್ತಿರಲಿಲ್ಲ. ಎತ್ತು ಬೇಕೆಂದರೆ ಸಿಂಗಟಗೆರೆಯವರೆಗೂ ಹೋಗಿ, ಹೊಲದ ಬದುವಿನ ಮೇಲೆ ಬಿಸಿಲಲ್ಲಿ ಕೂತು ಬರೆದುಕೊಂಡು ಬರುತ್ತಿದ್ದ. ಕಥೆಯಲ್ಲಿ ಸಮುದ್ರ ಬಂದಾಗ ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಕೂತಿದ್ದ. ಸಮುದ್ರ ನೋಡದವನ ಸಮುದ್ರದಲ್ಲಿ ಆಚೆ ದಡವೂ ಕಾಣುತ್ತಿತ್ತು, ದಡದಲ್ಲಿ ಜಾಲಿಮರವೂ ಇತ್ತು. ಮಂತ್ರಿ ನಮ್ಮ ತಾತನೇ, ರುಮಾಲಿಗೆ ಒಂದು ಗರಿ ಸಿಕ್ಕಿಸಿದ್ದಷ್ಟೆ. ರಾಣಿಯ ಕೈ ಅಮ್ಮನದು, ಬಳೆ ಮಾತ್ರ ಜಾಸ್ತಿ. ಇನ್ನು ಕಥೆಯ ದುಷ್ಟ ಘೋರಕೇತು ಇದ್ದನಲ್ಲ, ರಾಜಕುಮಾರಿಯನ್ನು ಬಾವಿಗೆ ತಳ್ಳಿದವನು, ಅವನ ಮುಖ ಹಾಲಪ್ಪ ಮಾವನದು.

ಹಾಲಪ್ಪ ಮಾವ ಅಪ್ಪನ ಜೊತೆ ಓದಿದವನು, ತರೀಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅಮ್ಮ ಅವನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಹುಬ್ಬುಗಳೆರಡೂ ನಡುವೆ ಕೂಡಿಕೊಂಡಿದ್ದವು, ಮೀಸೆ ಗಲ್ಲದವರೆಗೆ ಇಳಿದಿತ್ತು, ಎಡಗೆನ್ನೆಯ ಮೇಲೆ ಮಷೀನಿನ ಬೆಲ್ಟು ಹೊಡೆದ ಗಾಯದ ಗುರುತಿತ್ತು. ಇಷ್ಟೆಲ್ಲ ಇಟ್ಟುಕೊಂಡು ಆ ಮನುಷ್ಯ ಜಿರಳೆಗೆ ಹೆದರುತ್ತಿದ್ದ. ಭಾನುವಾರ ಬಂದನೆಂದರೆ ಅಮ್ಮನ ಜಮಖಾನ ಹೆಗಲಿಗೇರಿಸಿ, ಸೌಟನ್ನು ಕತ್ತಿಯಂತೆ ಹಿಡಿದು ಮುಂಗೋಣೆಯಲ್ಲಿ ನಿಲ್ಲುತ್ತಿದ್ದ. "ಇನ್ನೊಸಿ ಕೆಟ್ಟೋನಾಗೋ" ಎಂದು ಅಪ್ಪ ಹೇಳಿದರೆ, "ಇದಕ್ಕಿಂತ ಕೆಟ್ಟೋನಾಗಕ್ಕೆ ನಂಗ್ ಬರಲ್ಲ ಕಣೋ, ಹೊಟ್ಟೆ ಹಸೀತೈತೆ" ಎನ್ನುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ನಗುವುದು ಕೇಳುತ್ತಿತ್ತು. ಪತ್ರಿಕೆ ಬಂದ ದಿನ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ, ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದನಂತೆ. ತರೀಕೆರೆಯ ಮಕ್ಕಳು ಘೋರಕೇತು ಎಂದು ಕೂಗಿದರೆ ಇವನೂ ಗುರ್ರೆಂದು ಅಟ್ಟಿಸಿಕೊಂಡು ಹೋಗುತ್ತಿದ್ದನಂತೆ. ಆಗ ಎಲ್ಲರಿಗೂ ಅದು ಆಟವೇ ಆಗಿತ್ತು.

ಅವನಿಗೆ ಹೆಣ್ಣು ನೋಡಲು ಹೊರಟಾಗ ವಯಸ್ಸು ಮೂವತ್ತು ದಾಟಿತ್ತು. ಹೆತ್ತವರಿಲ್ಲದವನು, ಹೋಟೆಲಿನಲ್ಲಿ ಉಂಡು ಅಂಗಡಿಯಲ್ಲೇ ಮಲಗುವವನು. ತನ್ನದೊಂದು ಮನೆ ಆಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಹೆಣ್ಣು ಗೊತ್ತಾಗುವ ಮೊದಲೇ ಹಿತ್ತಾಳೆಯ ಬಿಂದಿಗೆಯೊಂದನ್ನು ಕೊಂಡು, ಇರಲಿ ಎಂದು ನಮ್ಮ ಅಟ್ಟದ ಮೇಲೆ ಇಟ್ಟಿದ್ದ. ಕಡೂರಿನ ಆ ಮನೆಗೆ ಹಿರಿಯರಾಗಿ ಹೋದವರು ಅಪ್ಪ ಅಮ್ಮ, ಬಾಲದಂತೆ ನಾನು. ಉಪ್ಪಿಟ್ಟು ಬಂತು, ಹುಡುಗಿಯೂ ಬಂದಳು, ಒಮ್ಮೆ ತಲೆಯೆತ್ತಿ ನಕ್ಕಳು ಕೂಡ. ಅಷ್ಟರಲ್ಲಿ ಅವಳ ಪುಟ್ಟ ತಮ್ಮ ಬಾಗಿಲಲ್ಲಿ ನಿಂತು ಕಿಟಾರನೆ ಕಿರುಚಿದ: "ಅಕ್ಕಾ, ಘೋರಕೇತು ಬಂದವ್ನೆ! ಬಾವಿಗೆ ನೂಕ್ತಾನೆ!" ನಾವೆಲ್ಲ ನಕ್ಕೆವು. ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ನಗಲಿಲ್ಲ. ತಿಂಗಳು ತಿಂಗಳೂ ಮೊಮ್ಮಗನಿಂದ ಆ ಕಥೆ ಓದಿಸಿ ಕೇಳಿದವಳು. ಚಿತ್ರ ಬರೆಯುವವನು ಯಾರೆಂದು ವಿಚಾರಿಸಿಕೊಂಡು ಅಪ್ಪನ ಕಡೆ ತಿರುಗಿದಳು. "ಅದು ಕಥೆ ಅಂತ ನಂಗೂ ಗೊತ್ತು ಕಣಪ್ಪ. ಆದ್ರೆ ಸ್ನೇಹಿತ ಆದ ನಿನ್ ಕಣ್ಣಿಗೇ ಇವನಲ್ಲಿ ಏನೋ ಕಂಡೈತೆ. ಇಲ್ದಿದ್ರೆ ಊರಾಗೆ ಇಷ್ಟ್ ಜನ ಇದ್ರೂ ಇವನ ಮುಖನೇ ಯಾಕ್ ಬರೀತಿದ್ದೆ?" ಅಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದ. ಹೊರಗೆ ಬಂದ ಮೇಲೆ ಹಾಲಪ್ಪ ಮಾವನೇ ಅವನ ಬೆನ್ನು ತಟ್ಟಿ, "ಬಿಡೋ, ಲೋಕಕ್ಕೆಲ್ಲ ಇದೊಂದೇ ಹೆಣ್ಣಾ" ಎಂದ.

ಆದರೆ ಆ ಅಜ್ಜಿಯ ಮಾತು ನಮಗಿಂತ ಮುಂಚೆ ಊರೂರು ಮುಟ್ಟುತ್ತಿತ್ತು. ಅಂತರಘಟ್ಟೆಯ ಸಂಬಂಧ ಮುರಿಯಿತು. ಆಮೇಲೆ ಬಂದದ್ದು ಮಾತಿನ ಹಂತದಲ್ಲೇ ನಿಂತಿತು. ಹಾಲಪ್ಪ ಮಾವ ಭಾನುವಾರ ಬರುವುದನ್ನು ಬಿಟ್ಟ. ಅಪ್ಪನಿಗೆ ಅನ್ನ ಸೇರದಂತಾಯಿತು. ಘೋರಕೇತುವನ್ನು ಒಳ್ಳೆಯವನನ್ನಾಗಿ ಮಾಡುತ್ತೇನೆಂದು ಹಠ ಹಿಡಿದು, ಅವನು ಕೆರೆಯ ದಡದಲ್ಲಿ ಕೂತು ಅಳುವ, ರಾಜಕುಮಾರಿಯ ಕಾಲಿಗೆ ಬೀಳುವ ಪುಟಗಳನ್ನು ಬರೆದು ಕಳಿಸಿದ. ಕಂಡಕ್ಟರ್ ಅದೇ ಕೊಳವೆಯನ್ನು ವಾಪಸು ತಂದುಕೊಟ್ಟರು. ದುಷ್ಟ ಅತ್ತರೆ ಮಕ್ಕಳು ಒಪ್ಪುವುದಿಲ್ಲವೆಂದು ಒಳಗೆ ಪತ್ರಿಕೆಯವರ ಚೀಟಿ ಇತ್ತು. ಅಪ್ಪ ಬೆಂಗಳೂರಿಗೇ ಹೋಗಿ ಸಂಪಾದಕರ ಮುಂದೆ ಕೈ ಮುಗಿದು ಬಂದ. ಕೊನೆಗೆ ಉಳಿದದ್ದು ಒಂದೇ ದಾರಿ, ಗೆಳೆಯನ ಗುರುತು ಸಿಗದಂತೆ ಮುಖವನ್ನೇ ಬದಲಿಸುವುದು. ಯುದ್ಧದಲ್ಲಿ ಸೋತ ಘೋರಕೇತು ವೇಷ ಮರೆಸಿಕೊಳ್ಳುತ್ತಾನೆಂದು ಕಥೆ ತಿರುಗಿಸಿ, ಅಪ್ಪ ಅವನ ಮೀಸೆಯನ್ನು ಪೂರ್ತಿ ತೆಗೆದುಹಾಕಿದ. ಆ ಸಂಚಿಕೆ ಅಚ್ಚಾಗಿ ಕೈಗೆ ಬಂದ ದಿನ, ತಿಂಗಳುಗಳ ಮೇಲೆ ಅಪ್ಪ ಕೂತು ಸರಿಯಾಗಿ ಉಂಡ.

ಪತ್ರಿಕೆ ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು, ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಹೋದ. ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು ಸಿಳ್ಳೆ ಹಾಕುತ್ತಿದ್ದ. ಅಂಗಡಿಯ ಮುಂದೆ ಮಕ್ಕಳು ಗುಂಪುಗೂಡಿ ಗಲಾಟೆ ಮಾಡುತ್ತಿದ್ದವು. ಒಳಗೆ ಮೋಟಾರಿನ ಪಕ್ಕ ಹಾಲಪ್ಪ ಮಾವ ಕುಕ್ಕರಗಾಲಿನಲ್ಲಿ ಕೂತಿದ್ದ. ತಲೆಯೆತ್ತಿದ. ಮೀಸೆ ಇರಲಿಲ್ಲ. ಘೋರಕೇತುವಿನ ಕಾಟ ತಪ್ಪಲಿ ಎಂದು ಅವನೂ ಬೋಳಿಸಿಕೊಂಡುಬಿಟ್ಟಿದ್ದ. ಹೊಸ ಸಂಚಿಕೆಯ ಮುಖ, ಈ ಮುಖ ಎರಡೂ ಒಂದೇ. ವೇಷ ಹಾಕಿದ ಘೋರಕೇತು ಸಿಕ್ಕಿಬಿದ್ದ ಎಂದು ಹೊರಗೆ ಮಕ್ಕಳು ಕುಣಿಯುತ್ತಿದ್ದವು.

ಹಾಲಪ್ಪ ಮಾವ ಪತ್ರಿಕೆ ನೋಡಿದ, ಅಪ್ಪನನ್ನು ನೋಡಿದ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗು ನಿಂತರೂ ಆ ನೀರು ನಿಲ್ಲಲಿಲ್ಲ. "ಇನ್ನ ಮೂಗು ಕುಯ್ಕಳಾದೊಂದು ಬಾಕಿ ಕಣೋ" ಎಂದ. ಆಮೇಲೆ ಮೆತ್ತಗೆ, "ಒಂದ್ಸಲ ನನ್ನ ನನ್ನಂಗೇ ಬರ್ದುಕೊಡೋ. ಯಾರಾರ ಕೇಳಿದ್ರೆ ನಾ ಇವ್ನು ಅಂತ ತೋರುಸ್ತೀನಿ" ಎಂದ. ಅಪ್ಪ ಅಲ್ಲೇ ಗೋಣಿಚೀಲದ ಮೇಲೆ ಕೂತ. ಬರೆದ, ಹರಿದ, ಮತ್ತೆ ಬರೆದ. ವರ್ಷಗಟ್ಟಲೆ ಒಂದೇ ದಾರಿ ಹಿಡಿದ ಕೈ. ಹುಬ್ಬು ಬರೆಯಲು ಹೋದರೆ ಗಂಟಿಕ್ಕಿಕೊಳ್ಳುತ್ತಿತ್ತು, ನಗು ಬರೆಯಲು ಹೋದರೆ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಎದುರಿಗಿದ್ದದ್ದನ್ನು ಬಿಟ್ಟು ಬೇರೇನೂ ಬರೆಯಲಾರದವನಿಗೆ ಅವತ್ತು ಎದುರಿಗಿದ್ದದ್ದೇ ದಕ್ಕಲಿಲ್ಲ. ಕೊನೆಯ ಹಾಳೆಯನ್ನು ಹಾಲಪ್ಪ ಮಾವ ಬೆಳಕಿಗೆ ಹಿಡಿದು ನೋಡಿ, "ಇದೂ ಅವ್ನೇ ಕಣೋ" ಎಂದು ಹಿಂದಕ್ಕೆ ಕೊಟ್ಟ.

ಆ ಬೇಸಿಗೆ ಅವನು ಅಂಗಡಿ ಮುಚ್ಚಿ ಊರು ಬಿಟ್ಟ. ಹುಬ್ಬಳ್ಳಿ ಕಡೆ ಎಂದರು ಕೆಲವರು. ಅಪ್ಪ ಆ ಕಡೆ ಊರೂರು ಅಲೆದು, ಪಂಪ್‌ಸೆಟ್ ಅಂಗಡಿ ಕಂಡಲ್ಲೆಲ್ಲ ಒಳಗೆ ಇಣುಕಿ, ಬರಿಗೈಲಿ ಬಂದ. ಚಿತ್ರಕಥೆ ಅಲ್ಲಿಗೇ ನಿಂತಿತು. ಮುಂದೆ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆದು ನಮ್ಮನ್ನು ಸಾಕಿದ. ಅಕ್ಷರ ಬಿಟ್ಟು ಇನ್ನೇನನ್ನೂ ಬರೆಯಲಿಲ್ಲ. ಆದರೂ ಭಾನುವಾರ ಬಂದರೆ ಮುಂಗೋಣೆಯಲ್ಲಿ ಒಬ್ಬನೇ ಕೂತು ಒಂದು ಮುಖಕ್ಕಾಗಿ ಹೆಣಗುತ್ತಿದ್ದ, ಸಂಜೆಗೆ ಹಾಳೆಗಳನ್ನು ಒಲೆಗೆ ಹಾಕುತ್ತಿದ್ದ. ಅಪ್ಪ ಹೋದ, ಅಮ್ಮ ಹೋದಳು, ಮನೆ ಮಾರಿದೆವು. ಅಟ್ಟದಿಂದ ಇಳಿಸಿದ ಬಿಂದಿಗೆ ಈಗ ನನ್ನ ಹತ್ತಿರ ಇದೆ. ಅದಕ್ಕೆ ಇನ್ನೂ ಒಮ್ಮೆಯೂ ನೀರು ತುಂಬಿಲ್ಲ.

ಹೋದವರ ಮುಖವಾದರೂ ನೆನಪಲ್ಲಿ ಉಳಿಯುತ್ತದೆಂದು ನೀವೂ ನಂಬಿರಬಹುದು. ಹಾಲಪ್ಪ ಮಾವನದೊಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಷನ್ನಿನವರೆಗೆ ಓಡುತ್ತಿದ್ದದ್ದು ನೆನಪಿದೆ, ಅವನ ಅಂಗಿಯ ಗ್ರೀಸಿನ ವಾಸನೆ ನೆನಪಿದೆ. ಮೊನ್ನೆ ಪೆನ್ಸಿಲ್ ಅಂಗಡಿಯಲ್ಲಿ ಆ ಮಸಿಯ ವಾಸನೆಗೆ ಕಣ್ಣು ಮುಚ್ಚಿ, ಸೌಟು ಹಿಡಿದು ನಗುತ್ತಿದ್ದ ಅವನನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕೆಂದು ಹಂಬಲಿಸಿದೆ. ಜಮಖಾನ ಕಂಡಿತು, ಸೌಟು ಕಂಡಿತು. ಮುಖ ಮಾತ್ರ ಘೋರಕೇತುವಿನದೇ ಬಂತು.